ಮದುವೆ ಪ್ಲೇಟು, ಮನೆ ಪ್ಲೇಟು

ಒದ್ದೆ ರಟ್ಟಿನ ವಾಸನೆ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೊನ್ನೆ ಮಳೆ ಹಿಡಿದ ದಿನ ಅಪ್ಪನ ಟ್ರಂಕು ತೆಗೆದು ಗ್ರಾಮಾಫೋನ್ ಪ್ಲೇಟುಗಳನ್ನು ಒರೆಸುತ್ತ ಕೂತಿದ್ದೆ. ಕವರುಗಳಿಂದ ಅದೇ ವಾಸನೆ. ಸರಿಯಾಗಿ ಆ ಹೊತ್ತಿಗೇ ನನ್ನ ಚಿಕ್ಕಪ್ಪನ ಮಗ ಪ್ರಸನ್ನನ ಫೋನು ಬಂತು. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಅವನು ಏನು ಕೇಳಿದ, ನಾನು ಏನು ಮಾಡಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಹಿಂದಿನ ಆ ಮಳೆಗಾಲದ ಕಥೆ ಕೇಳದೆ ಹೋದರೆ ನನ್ನನ್ನು ಕಟುಕಿ ಅಂದುಕೊಳ್ಳುತ್ತೀರಿ. ಕೇಳಿದ ಮೇಲೂ ಹಾಗೇ ಅನ್ನಿಸಿದರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ.

ನಮ್ಮೂರು ಶಿರಂಗಾಲ. ಅಜ್ಜನ ಕಾಲದಲ್ಲಿ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಹೊಲ ಗದ್ದೆ ಮಾಡಿಕೊಂಡವರು ನಾವು. ಅಪ್ಪ ಸಿದ್ದಲಿಂಗಪ್ಪನವರಿಗೆ ಮಾತ್ರ ನೇಗಿಲು ಒಗ್ಗಲಿಲ್ಲ. ಮೈಕ್ ಸೆಟ್ ಇಟ್ಟರು. ಕುಶಾಲನಗರದಿಂದ ಹಿಡಿದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿ ಮದುವೆಯಾದರೂ ತೆಂಗಿನಮರಕ್ಕೆ ಹಾರ್ನು ಕಟ್ಟಿ ಹಾಡು ಹಾಕುತ್ತಿದ್ದವರು ಅವರೇ. ಊರಿಗೆಲ್ಲ ಅವರು ಮೈಕ್ ಸಿದ್ದಣ್ಣ. ರೆಕಾರ್ಡಿಗೆ ನಮ್ಮ ಕಡೆ ಪ್ಲೇಟು ಎಂದೇ ಹೆಸರು. ಅಪ್ಪ ಇಷ್ಟಪಟ್ಟ ಪ್ಲೇಟನ್ನು ಯಾವಾಗಲೂ ಎರಡು ತರುತ್ತಿದ್ದರು. ಒಂದು ಮದುವೆ ಪ್ಲೇಟು, ಇನ್ನೊಂದು ಮನೆ ಪ್ಲೇಟು.

ಮದುವೆ ಪ್ಲೇಟು ಜೀಪಿನಲ್ಲಿ ಕುಲುಕಾಡಿ, ಚಪ್ಪರದ ಧೂಳು ಕುಡಿದು, ಮೇಲೆ ಅಕ್ಷತೆ ಬಿದ್ದು, ಮೈಕ್ ಸೆಟ್ಟಿನ ಭಾರದ ಮುಳ್ಳಿನ ಕೆಳಗೆ ಸವೆಯುತ್ತಿತ್ತು. ಅದು ಹೊಟ್ಟೆಪಾಡು. ಮನೆ ಪ್ಲೇಟು ಹೊಸಿಲು ದಾಟುವಂತಿರಲಿಲ್ಲ. ಅದಕ್ಕೆಂದೇ ಬೇರೆ ಮೆಷಿನ್ ಇತ್ತು. ಎಸ್ಟೇಟ್ ಮ್ಯಾನೇಜರೊಬ್ಬರು ಊರು ಬಿಡುವಾಗ ಅಪ್ಪನಿಗೆ ಕೊಟ್ಟು ಹೋದ ಟರ್ನ್‌ಟೇಬಲ್, ಇಬ್ಬರು ಎತ್ತಬೇಕಾದಷ್ಟು ಭಾರ. ಅಪ್ಪ ಅದನ್ನು ದಪ್ಪನೆಯ ಕಪ್ಪು ಕಲ್ಲಿನ ಚಪ್ಪಡಿಯ ಮೇಲೆ ಕೂರಿಸಿದ್ದರು. ಯಾರಾದರೂ ಪಕ್ಕದಲ್ಲಿ ನಡೆದರೆ ಮುಳ್ಳು ಅಲ್ಲಾಡಬಾರದಲ್ಲ. ಮಟ್ಟ ಸರಿಯಿದೆಯೇ ಎಂದು ನೋಡಲು ಅದರ ಮೇಲೊಂದು ಗೋಲಿ ಇಡುತ್ತಿದ್ದರು. ಗೋಲಿ ಉರುಳಿದರೆ ಆ ಕಡೆ ಕಾಲಿನಡಿ ಬೀಡಿ ಕಟ್ಟಿನ ಕಾಗದ ಮಡಿಸಿ ತುರುಕುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೈ ತೊಳೆದು, ಹಳೆಯ ಮಲ್ ಪಂಚೆಯ ತುಂಡಿನಿಂದ ಪ್ಲೇಟನ್ನು ಗೆರೆಯ ದಾರಿಯಲ್ಲೇ ಸುತ್ತ ಒರೆಸಿ ಮುಳ್ಳು ಇಳಿಸುತ್ತಿದ್ದರು. ಆಮೇಲೆ ಮಾತಿಲ್ಲ. ಯಾರಾದರೂ ಮಾತಾಡಿದರೆ ಮುಳ್ಳು ಎತ್ತಿಬಿಡುವರು, ಆ ವಾರದ ಹಾಡು ಮುಗಿಯಿತು. ಹಾಡು ಶುರುವಾಗುವ ಮುಂಚೆ ಒಂದು ತೆಳ್ಳನೆಯ ಸದ್ದು ಬರುತ್ತದೆ, ಯಾರೋ ಸೆರಗು ಸರಿಮಾಡಿಕೊಂಡ ಹಾಗೆ. ಆಮೇಲೆ ಹಾಡುವಾಕೆ ಉಸಿರೆಳೆದುಕೊಳ್ಳುವುದು ಕೇಳುತ್ತದೆ. ನನಗೆ ಹಾಡಿಗಿಂತ ಆ ಉಸಿರೇ ಇಷ್ಟ. ಮೈಕಿನಲ್ಲಿ ಅದೇ ಹಾಡನ್ನು ಊರಿನವರೆಲ್ಲ ಸಾವಿರ ಸಲ ಕೇಳಿರಬಹುದು. ಆ ಉಸಿರನ್ನು ಕೇಳಿದವರು ನಮ್ಮ ಮನೆಯವರು, ಭಾನುವಾರ ಬಂದು ಕೂರುತ್ತಿದ್ದ ಚಿಕ್ಕಪ್ಪ, ಅಷ್ಟೇ.

ಅಪ್ಪ ಪ್ರತಿ ಮದುವೆಯಲ್ಲೂ ತಪ್ಪದೆ ಹಾಕುತ್ತಿದ್ದದ್ದು ವಚನ ಗಾಯನದ ಒಂದು ಪ್ಲೇಟು. ನಮ್ಮೂರಿನ ಪುಟ್ಟೇಗೌಡರ ಮದುವೆಯಲ್ಲಿ ಪಾಯಸದ ಬಕೀಟು ಹೊತ್ತು ಓಡುತ್ತಿದ್ದವನೊಬ್ಬ ಟೇಬಲಿಗೆ ಡಿಕ್ಕಿ ಹೊಡೆದು, ಮುಳ್ಳು ಆ ಪ್ಲೇಟಿನ ಮೇಲೆ ಗೀಚಿಕೊಂಡು ಹೋಯಿತು. ಅಲ್ಲಿಂದಾಚೆ ಹಾಡುವಾಕೆ ಒಂದು ಕಡೆ ದನಿ ಎತ್ತಿ 'ಶಿವಾ' ಎನ್ನುವಲ್ಲಿ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತಿತ್ತು. ಶಿವಾ, ಶಿವಾ, ಶಿವಾ. ಆವತ್ತು ತಾಳಿ ಕಟ್ಟುವ ಹೊತ್ತು, ಅಪ್ಪ ಹಾರ್ನು ಸರಿಮಾಡಲು ಮರ ಹತ್ತಿದ್ದರು. ದೇವರ ಹೆಸರು ತಾನೇ ಎಂದು ಯಾರೂ ನಿಲ್ಲಿಸಲಿಲ್ಲ. ಆಮೇಲೆ ಅಪ್ಪ ಮುಳ್ಳಿನ ತಲೆಯ ಮೇಲೆ ನಾಲ್ಕಾಣೆ ಇಟ್ಟು ಆ ಜಾಗ ದಾಟಿಸುವುದನ್ನು ರೂಢಿ ಮಾಡಿಕೊಂಡರು. ಪುಟ್ಟೇಗೌಡರು ಮಾತ್ರ ಅಪ್ಪ ಸಿಕ್ಕಾಗಲೆಲ್ಲ, "ಏನ್ ಸಿದ್ದಣ್ಣ, ಇನ್ನೂ ಶಿವನ್ನ ಬಿಟ್ಟಿಲ್ವಾ ನಿನ್ ಪ್ಲೇಟು?" ಎಂದು ಕಿಚಾಯಿಸದೆ ಬಿಡುತ್ತಿರಲಿಲ್ಲ.

ಕ್ಯಾಸೆಟ್ ಬಂತು, ಸಿಡಿ ಬಂತು, ಮದುವೆ ಪ್ಲೇಟುಗಳು ಅಟ್ಟ ಸೇರಿದವು. ಅಪ್ಪನ ಅಂಗಡಿಯನ್ನು ನಾನೂ ನನ್ನ ಗಂಡ ಲೋಕೇಶರೂ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿಯಾಗಿ ನಡೆಸಿಕೊಂಡು ಬಂದೆವು. ಭಾನುವಾರದ ಮನೆ ಪ್ಲೇಟು ಮಾತ್ರ ನಿಲ್ಲಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ಪ್ರಸನ್ನ ನೋಡಲು ಬಂದ. ಅವನು ಮಾಕುಟ್ಟ ಗಡಿ ದಾಟಿಸಿ ಕೇರಳಕ್ಕೆ ಶುಂಠಿ ಲೋಡು ಕಳಿಸಿ ದುಡ್ಡು ಮಾಡಿದವನು. ಹಾರಂಗಿ ಹಿನ್ನೀರಿನ ಮೇಲ್ಗಡೆ ಕಾಫಿ ತೋಟ ಕೊಂಡು ಹೋಂಸ್ಟೇ ಕಟ್ಟಿಸುತ್ತಿದ್ದ. ಮಂಚದ ತುದಿಯಲ್ಲಿ ಕೂತು ಅಪ್ಪನ ಕಾಲು ಒತ್ತುತ್ತ, "ದೊಡ್ಡಪ್ಪ, ಈ ಪ್ಲೇಟೆಲ್ಲ ಕಂಪ್ಯೂಟರಿಗೆ ಹತ್ತಿಸಿಬಿಡಾಣ. ಮಲಗಿದ್ದಲ್ಲೇ ಮೊಬೈಲಲ್ಲಿ ಕೇಳ್ಬೋದು. ಒಂದ್ ತಿಂಗ್ಳು ಅಷ್ಟೇ, ವಾಪಸ್ ತಂದಿಡ್ತೀನಿ" ಎಂದ.

ಅಪ್ಪ ನನ್ನ ಮುಖ ನೋಡಿದರು. "ಮನೆ ಹುಡ್ಗ ಅಲ್ವಾ, ತಗೊಂಡ್ ಹೋಗ್ಲಿ ಬಿಡು" ಎಂದರು.

ಅಟ್ಟದ ಮೇಲಿರುವುದೂ ಬೇಕೇ ಎಂದು ಕೇಳಿದೆ. ಏಣಿ ಹತ್ತಿ ಇಣುಕಿ ನೋಡಿ, "ಅಯ್ಯೋ, ಅದು ಗುಜರಿ ಕಣಕ್ಕ, ಅಲ್ಲೇ ಇರ್ಲಿ" ಎಂದು ಮೂಗು ಮುರಿದ. ಮನೆ ಪ್ಲೇಟುಗಳು ಮೊದಲ ಸಲ ಹೊಸಿಲು ದಾಟಿದವು.

ತಿಂಗಳು ಕಳೆಯಿತು, ಮತ್ತೆರಡು ತಿಂಗಳು ಕಳೆಯಿತು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೆ ನಾಳೆ, ನಾಡಿದ್ದು. ಅಪ್ಪ ದಿನಾ ಕೇಳುತ್ತಿದ್ದರು, "ಪ್ಲೇಟು ಬಂದ್ವಾ ಗಿರಿಜಾ?" ಕೊನೆಕೊನೆಗೆ ಅವರಿಗೆ ಗುರುತು ಹತ್ತುತ್ತಿರಲಿಲ್ಲ, ನನ್ನನ್ನೇ ಅಮ್ಮ ಅಂದುಕೊಳ್ಳುತ್ತಿದ್ದರು. ಆದರೂ ಪ್ಲೇಟು ಮರೆಯಲಿಲ್ಲ. ತಡೆಯಲಾರದೆ ಒಂದು ದಿನ ಅಟ್ಟದಿಂದ ಆ ವಚನದ ಮದುವೆ ಪ್ಲೇಟನ್ನೇ ಇಳಿಸಿ, ಒರೆಸಿ, ಟರ್ನ್‌ಟೇಬಲ್ ಮೇಲೆ ಹಾಕಿದೆ. ಹಾಡು ಇನ್ನೂ ಶುರುವಾಗಿರಲಿಲ್ಲ, ಬರೀ ಮುಳ್ಳಿನ ಸದ್ದು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಇದಲ್ಲ" ಎಂದರು. ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡರು.

ಶಿವಗಣಾರಾಧನೆಯ ದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ, ಸಾರು ಬಡಿಸುತ್ತ ಅವನ ಎಲೆಯ ಮುಂದೆ ನಿಂತು ಪ್ಲೇಟು ಯಾವಾಗ ಕೊಡುತ್ತೀಯ ಎಂದು ಕೇಳಿದೆ. ಅವನು ತಲೆ ಎತ್ತಲೂ ಇಲ್ಲ. "ಅದು ದೊಡ್ಡಪ್ಪ ನಂಗೆ ಕೊಟ್ಟಿದ್ದಲ್ವಾ ಅಕ್ಕ. ಬೇಕಾದ್ರೆ ಅವ್ರನ್ನೇ ಕೇಳು" ಎಂದು ಹಾರ ಹಾಕಿದ್ದ ಫೋಟೊ ಕಡೆ ಕೈ ತೋರಿಸಿದ. ಪಕ್ಕದಲ್ಲಿದ್ದ ಒಬ್ಬಿಬ್ಬರು ಕಿಸಕ್ಕೆಂದರು. ಕೈಯಲ್ಲಿದ್ದ ಸೌಟಿನಿಂದ ಅವನ ಮೂತಿಗೇ ಬಿಗಿಯಬೇಕಿತ್ತು. ಹಾಗೆ ಮಾಡಿದ್ದರೆ ಆವತ್ತಿಗೇ ಮುಗಿದುಹೋಗುತ್ತಿತ್ತೇನೋ. ನಾನು ಸಾರು ಬಡಿಸಿ ಮುಂದಿನ ಎಲೆಗೆ ಹೋದೆ.

ಮುಂದಿನ ಮಳೆಗಾಲದಲ್ಲಿ ಅವನೇ ಫೋನು ಮಾಡಿದ. "ಗಿರಿಜಕ್ಕ, ಪ್ಲೇಟಿಗೆಲ್ಲ ಬೂಷ್ಟು ಹಿಡಿದಿದೆ. ದೊಡ್ಡಪ್ಪ ಹೆಂಗ್ ತೊಳೀತಿದ್ರು ಅಂತ ನಿಂಗೊಬ್ಳಿಗೇ ಗೊತ್ತಿರೋದು. ಒಂದ್ಸಲ ಬಂದು ಹೋಗು." ದಸರಾ ರಜೆಗೆ ಹೋಂಸ್ಟೇಯಲ್ಲಿ ಪ್ಲೇಟು ಕೇಳುವ ಕೋಣೆಯೊಂದನ್ನು ಉದ್ಘಾಟನೆ ಮಾಡುವವನಿದ್ದ. ಲೋಕೇಶರು ಹೋಗಬೇಡ ಎಂದರು. ನಾನು ಮಾರನೆಯ ಬಸ್ಸಿಗೇ ಹೊರಟೆ.

ಹಾರಂಗಿ ಹಿನ್ನೀರು ಕೆಂಪಗೆ ತುಂಬಿಕೊಂಡಿತ್ತು. ತೋಟದ ಕಾಫಿ ಕಣದಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ. ಮಳೆ ಬಿಟ್ಟು ಎರಡು ದಿನ ಚುರುಕು ಬಿಸಿಲು ಬಿದ್ದಿತ್ತಂತೆ. ಕರಿಮೆಣಸು ಹರವುವ ಕಪ್ಪು ಶೀಟಿನ ಮೇಲೆ ಅಪ್ಪನ ನಾಲ್ಕಾರು ಪ್ಲೇಟುಗಳನ್ನು ಒಣಹಾಕಿದ್ದರು. ಬಾಣಲೆಗೆ ಬಿದ್ದ ಹಪ್ಪಳದ ಹಾಗೆ ಅಂಚು ಸೊಟ್ಟಗಾಗಿ ಬಿದ್ದಿದ್ದವು. ತೋಟದ ಲೆಕ್ಕ ಬರೆಯುವ ರೈಟರ್ ಸುಕುಮಾರನ್ ಪಾಪ ತಲೆ ಕೆರೆದುಕೊಂಡ. "ಸಾರ್ ಹೇಳಿದ್ದು ಮೇಡಂ. ಬೂಷ್ಟು ಬಂದ್ರೆ ಬಿಸಿಲಿಗೆ ಹಾಕೋದು ಅಲ್ವಾ? ಪೆಪ್ಪರ್ ಹಾಕೋದು ಹಾಗೇ ಅಲ್ವಾ?"

ಪ್ರಸನ್ನ ಹಲ್ಲು ಕಿರಿದ. "ಹೋಗ್ಲಿ ಬಿಡಕ್ಕ, ಮಿಕ್ಕಿದ್ದು ಚೆನ್ನಾಗವೆ. ಮೆಷಿನ್ ನೋಡ್ಬಾ."

ಮೆಷಿನ್ ನೋಡಿದೆ. ಸುಳ್ಳು ಹೇಳಬಾರದು, ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊರದೇಶದಿಂದ ತರಿಸಿದ್ದಂತೆ. ಬೆರಳು ತಾಗಿದರೆ ಸಾಕು ತೇಲುವ ಕೈ, ತಿರುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಶ್ಶಬ್ದ. ಅವನು ಆ ವಚನದ ಮನೆ ಪ್ಲೇಟು ಹಾಕಿದ. ಉಸಿರು ಬಂತು. ಆಕೆ ನನ್ನ ಪಕ್ಕದಲ್ಲೇ ಕೂತು ಉಸಿರೆಳೆದುಕೊಂಡಂತಾಯಿತು. ತಂಬೂರಿಯ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿತು. ಅದನ್ನು ಅಪ್ಪ ಬದುಕಿಡೀ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಆ ಮಹಾನುಭಾವ ಅಷ್ಟರಲ್ಲಿ ಸ್ಪೀಕರಿನ ಮರ ಎಲ್ಲಿಯದು, ವಯರು ಎಂಥದ್ದು ಎಂದು ಮಾತು ಶುರುಮಾಡಿದ್ದ. ಹಾಡು ಮುಗಿಯುವವರೆಗೂ ಅವನ ಬಾಯಿ ನಿಲ್ಲಲಿಲ್ಲ. ಇವನಿಗೆ ಬುದ್ಧಿ ಕಲಿಸಲೇಬೇಕು ಎಂದು ನಾನು ತೀರ್ಮಾನ ಮಾಡಿದ್ದು ಆಗ. ಪ್ಲೇಟು ಕದ್ದದ್ದಕ್ಕೆ ಇದ್ದ ಸಿಟ್ಟಿಗಿಂತ, ಕದ್ದವನು ಕೇಳುತ್ತಲೂ ಇಲ್ಲವಲ್ಲ ಎಂಬ ಸಿಟ್ಟು ಹೆಚ್ಚಾಯಿತು.

"ಇಲ್ಲಿ ತೊಳೆಯೋಕಾಗಲ್ಲ ಪ್ರಸನ್ನ, ಇಲ್ಲಿನ ನೀರು ಆಗ್ಬರಲ್ಲ. ವಾರಕ್ಕೊಂದಿಷ್ಟು ಮನೆಗೆ ಒಯ್ದು ತೊಳೆದು ತಂದುಕೊಡ್ತೀನಿ" ಎಂದೆ.

"ಅಷ್ಟ್ ಮಾಡಕ್ಕ, ಪುಣ್ಯ ಬರುತ್ತೆ" ಎಂದ. ಸೊಟ್ಟಗಾದವನ್ನೂ ಎತ್ತಿಕೊಂಡೆ.

ನೀರಿನ ಮಾತು ಪೂರಾ ಸುಳ್ಳಲ್ಲ. ಅಪ್ಪ ಪ್ಲೇಟು ತೊಳೆಯುತ್ತಿದ್ದದ್ದು ಬ್ಯಾಟರಿ ನೀರಿನಲ್ಲಿ, ಎಂದರೆ ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ. ಮೈಕ್ ಸೆಟ್ಟಿನ ಬ್ಯಾಟರಿಗೆಂದು ಅದು ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಕಲೆ ಉಳಿಯುವುದಿಲ್ಲ. ಅದರಲ್ಲಿ ಒಂದು ತೊಟ್ಟು ಸೋಪು, ಮೇಲೆ ಮಲ್ ಬಟ್ಟೆ. ನಾನು ಆ ಮಳೆಗಾಲವಿಡೀ ಹಾಗೇ ತೊಳೆದೆ. ಆದರೆ ತೊಳೆದದ್ದು ಎರಡು ಸಲ. ಮನೆ ಪ್ಲೇಟನ್ನು ತೊಳೆದು ಅಪ್ಪನ ಟ್ರಂಕಿಗೆ ಇಡುತ್ತಿದ್ದೆ. ಅಟ್ಟದಿಂದ ಅದೇ ಹಾಡಿನ ಮದುವೆ ಪ್ಲೇಟು ಇಳಿಸಿ, ತೊಳೆದು, ಪ್ರಸನ್ನನ ಕವರಿಗೆ ಹಾಕುತ್ತಿದ್ದೆ. ತೊಳೆದರೆ ಸವೆದ ಪ್ಲೇಟೂ ಹೊಳೆಯುತ್ತದೆ, ಹೊಳೆದರೆ ಅವನಿಗೆ ಸಾಕು.

ಲೋಕೇಶರು ಅಟ್ಟದ ಏಣಿ ಹಿಡಿದುಕೊಂಡೇ ಕೇಳಿದರು, "ಸಿಕ್ಹಾಕ್ಕೊಂಡ್ರೆ ಏನೇ ಗತಿ?"

"ಅವ್ನು ಕಿವಿಗೊಟ್ಟು ಕೇಳಿದ್ರೆ ತಾನೇ ಸಿಕ್ಹಾಕ್ಕೊಳೋದು" ಎಂದೆ.

ಹಾಗೆಂದರೂ ಮೊದಲ ಸಲ ಒಯ್ದು ಕೊಟ್ಟಾಗ ಬಾಗಿಲ ಪಕ್ಕದಲ್ಲೇ ನಿಂತೆ. ಅವನು ನನ್ನೆದುರಿಗೇ ಒಂದು ಹಾಕಿದ. ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ ಚಟಪಟ. ಅವನು ಕಣ್ಣು ಮುಚ್ಚಿ ತಲೆ ತೂಗಿದ. "ಕೇಳಕ್ಕ, ಈ ಚಟಪಟ ಇದೆಯಲ್ಲ, ಇದೇ ಒರಿಜಿನಲ್ಲು. ತೊಳೆದ್ಮೇಲೆ ಇನ್ನೂ ಚೆನ್ನಾಗ್ ಬರ್ತಾ ಇದೆ. ಮೊಬೈಲಲ್ಲಿ ಎಲ್ಲಿ ಸಿಗುತ್ತೆ ಇದು?" ಗುರುತು ತಪ್ಪಿ ಮಲಗಿದ್ದ ನನ್ನಪ್ಪ ಹಾಡು ಶುರುವಾಗುವ ಮೊದಲೇ 'ಇದಲ್ಲ' ಎಂದಿದ್ದರು. ಇವನು ಲಕ್ಷಗಟ್ಟಲೆ ಮೆಷಿನ್ ಮುಂದೆ ಕೂತು ಅದನ್ನೇ ಹೊಗಳುತ್ತಿದ್ದ. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಗೌರಿ ಹಬ್ಬ ಬರುವ ಹೊತ್ತಿಗೆ ಟ್ರಂಕು ತುಂಬಿತು. ಉಳಿದದ್ದು ಒಂದೇ, ಆ ವಚನದ ಪ್ಲೇಟು. ಅದನ್ನು ಪ್ರಸನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಬಂದವರಿಗೆಲ್ಲ ತೋರಿಸಲು ಮೆಷಿನ್ ಮೇಲೇ ಇಟ್ಟುಕೊಂಡಿದ್ದ. "ಇದು ಕ್ಲೀನಾಗೇ ಇದೆ, ಇರ್ಲಿ ಬಿಡು" ಎನ್ನುತ್ತಿದ್ದ. ಅದೊಂದು ಬಿಟ್ಟು ಬೇರೆಲ್ಲ ಸಿಕ್ಕಿ ಏನು ಪ್ರಯೋಜನ? ಅಪ್ಪ ಕೊನೆಗೆ ಕೇಳಬೇಕೆಂದಿದ್ದದ್ದು ಅದನ್ನೇ. ಅದರ ಮದುವೆ ಪ್ಲೇಟನ್ನು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡಿದೆ, ಸಮಯವೇ ಸಿಗಲಿಲ್ಲ.

ಉದ್ಘಾಟನೆ ಆಯುಧ ಪೂಜೆಯ ಸಂಜೆ ಎಂದು ಗೊತ್ತಾಗಿತ್ತು. ನನ್ನನ್ನೂ ಪ್ಲೇಟು ಎತ್ತಿಕೊಡಲು ಬಾ ಎಂದಿದ್ದ. ಹೋದೆ. ಜೀಪು, ಕಾರು, ಕಾಫಿ ಪಲ್ಪರು, ಕಳೆ ಕತ್ತರಿಸುವ ಮೆಷಿನ್ನು, ಎಲ್ಲಕ್ಕೂ ಚೆಂಡುಹೂವಿನ ಹಾರ ಬಿದ್ದಿತ್ತು. ಟರ್ನ್‌ಟೇಬಲಿಗೂ ಬಿದ್ದಿತ್ತು. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಮೂರು ಬೆರಳು ವಿಭೂತಿ ಎಳೆದು ಅದರ ಮೇಲೆ ಕುಂಕುಮ ಇಟ್ಟಿದ್ದ. ಹುಡಿಯೆಲ್ಲ ಉದುರಿ ಮೇಲಿದ್ದ ವಚನದ ಪ್ಲೇಟು ಕೆಂಪಗಾಗಿತ್ತು. ನಮ್ಮಪ್ಪ ಆಯುಧ ಪೂಜೆಗೆ ಮುಚ್ಚಳದ ಮೇಲೆ ಒಂದು ಹೂವಿಟ್ಟು ಕೈ ಮುಗಿಯುತ್ತಿದ್ದರು, ಅಷ್ಟೇ.

"ಅಕ್ಕ, ಅಕ್ಕ, ಸ್ವಲ್ಪ ಬೇಗ ಇದನ್ನ ತೊಳೆದುಕೊಂಡು ಬಾ. ಜನ ಬಂದುಬಿಟ್ರು" ಎಂದು ಅವನೇ ತೆಗೆದು ನನ್ನ ಕೈಗಿಟ್ಟ.

ಅಡುಗೆಮನೆಯ ಹಿಂದಿನ ಬಚ್ಚಲಿಗೆ ಹೋದೆ. ಮನೆ ಪ್ಲೇಟಿನ ಕುಂಕುಮವನ್ನು ಸೆರಗಿನಲ್ಲಿ ಮೆಲ್ಲಗೆ ಹಾರಿಸಿ ಬ್ಯಾಗಿಗಿಟ್ಟೆ. ಮದುವೆ ಪ್ಲೇಟು ತೆಗೆದು ಒಂದಿಷ್ಟು ನೀರು ಚಿಮುಕಿಸಿ, ಒರೆಸಿ, ತಂದುಕೊಟ್ಟೆ. ಅವನು ನೋಡಲೂ ಇಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಬ್ಯಾಗೆತ್ತಿಕೊಂಡು ಬಸ್ಸು ಹಿಡಿಯಬಹುದಿತ್ತು. ಕಾಲು ಬರಲಿಲ್ಲ, ನೋಡಬೇಕಿತ್ತು ನನಗೆ.

ಕೋಣೆ ತುಂಬ ಜನ. ಬೆಂಗಳೂರು, ಮೈಸೂರಿನ ಗೆಸ್ಟುಗಳು, ಅಕ್ಕಪಕ್ಕದ ತೋಟದವರು. ಮುಂದಿನ ಸಾಲಿನಲ್ಲಿ ಪುಟ್ಟೇಗೌಡರನ್ನು ಕಂಡು ನನಗೆ ಆಶ್ಚರ್ಯವಾಯಿತು. ಹಳೇ ಪಂಚಾಯ್ತಿ ಅಧ್ಯಕ್ಷರಲ್ಲವೇ, ದೀಪ ಹಚ್ಚಲು ಕರೆಸಿದ್ದ. ಪ್ರಸನ್ನ ಮೈಕು ಹಿಡಿದು, ಈ ಪ್ಲೇಟುಗಳನ್ನು ಊರೂರು ಅಲೆದು, ಮೂಲೆಮೂಲೆ ಹುಡುಕಿ ತಾನು ಕಲೆಹಾಕಿದ್ದೆಂದು ಹೇಳಿದ. ಅಪ್ಪನ ಹೆಸರಿಲ್ಲ, ಶಿರಂಗಾಲದ ಹೆಸರೂ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಮುಳ್ಳು ಇಳಿಸಿದ.

ಚಟಪಟ ಶುರುವಾಯಿತು. "ಕಣ್ಮುಚ್ಚಿ ಕೇಳಿ, ಇದೇ ಪ್ಲೇಟಿನ ಬಿಸುಪು" ಎಂದ. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮಾತ್ರ ತೆರೆದುಕೊಂಡಿದ್ದೆ. ಹಾಡುವಾಕೆ ದನಿ ಎತ್ತಿದಳು. ಶಿವಾ, ಎಂದಳು. ಶಿವಾ, ಶಿವಾ, ಶಿವಾ. ಭಕ್ತಿಯೇ ಇರಬೇಕೆಂದು ಸ್ವಲ್ಪ ಹೊತ್ತು ಯಾರೂ ಕದಲಲಿಲ್ಲ. ಆಮೇಲೆ ಒಬ್ಬೊಬ್ಬರೇ ಕಣ್ಣು ಬಿಟ್ಟರು. ಹಿಂದೆ ಯಾರೋ ನಕ್ಕರು. ಪ್ರಸನ್ನ ಮೆಷಿನ್ ಹತ್ತಿರ ಹೋದ, ಕೈ ಚಾಚಿದ, ಸಿಕ್ಕಿಕೊಂಡ ಮುಳ್ಳು ಎಳೆದರೆ ಮುರಿದೀತೆಂದು ಹೆದರಿ ಹಿಂದೆಗೆದ. ನನ್ನ ಕಡೆ ನೋಡಿದ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

ಆಗ ಪುಟ್ಟೇಗೌಡರು ಕುರ್ಚಿಯ ಕೈ ಹಿಡಿದು ಎದ್ದರು. "ಏಯ್, ಇದು ನಮ್ ಮೈಕ್ ಸಿದ್ದಣ್ಣನ ಪ್ಲೇಟಲ್ವೇನೋ? ಇದು ಹಿಡ್ಕೊಂಡಿದ್ದು ನನ್ ಮದ್ವೇಲಿ. ಇದೇ ಜಾಗ. ಪಾಯಸದ ಬಕೀಟು ತಾಗಿ ಆಗಿದ್ದು." ಮೆಷಿನ್ ಹತ್ತಿರ ಬಂದು ಬಗ್ಗಿ ನೋಡಿದರು. "ಊರೂರು ಅಲೆದು ಹುಡುಕಿದ್ಯಾ? ನಿನ್ ದೊಡ್ಡಪ್ಪನ ಮನೆಗೆ ಹೋಗೋಕೆ ಅಷ್ಟೂರು ಯಾಕೆ ಸುತ್ತಿದ್ಯಪ್ಪಾ? ಆ ಪುಣ್ಯಾತ್ಮ ಇದಕ್ಕೆ ನಾಲ್ಕಾಣೆ ಇಡ್ತಿದ್ದ. ಗಿರಿಜಮ್ಮ, ನಿಮ್ಮಪ್ಪನ ಪ್ಲೇಟು ಇಲ್ಲಿಗ್ಯಾಕೆ ಬಂತಮ್ಮಾ?"

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ದನಿ ಏರಿಸದೆ. ಕಾಲು ಒತ್ತಿದ್ದು, ತಿಂಗಳೆಂದದ್ದು, ಅಪ್ಪ ಕೇಳಿಕೇಳಿ ಹೋದದ್ದು, ಎಲೆಯ ಮುಂದೆ ಅಂದದ್ದು. ಬದಲಾಯಿಸಿದ ಸಂಗತಿಯೊಂದನ್ನು ಬಿಟ್ಟು ಎಲ್ಲ ಹೇಳಿದೆ. ಅಷ್ಟು ಹೊತ್ತೂ ಪ್ಲೇಟು ಶಿವಾ, ಶಿವಾ ಎನ್ನುತ್ತಲೇ ಇತ್ತು. ಪ್ರಸನ್ನನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನಾನು ಮನಸಾರೆ ನೋಡಿದೆ. ಮನೆ ಪ್ಲೇಟು ಎಷ್ಟು ಚೆನ್ನಾಗಿ ಹಾಡಿದರೂ ಅದು ಯಾರದೆಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಗಾಯವಾಗಿದ್ದ ಪ್ಲೇಟೇ ಯಜಮಾನನ ಹೆಸರು ಹೇಳಿತು.

ಸುದ್ದಿ ಅವನಿಗಿಂತ ಮುಂಚೆ ಊರು ಮುಟ್ಟಿತ್ತು. ಸಂತೆಯಲ್ಲಿ, ಸೊಸೈಟಿ ಮುಂದೆ, ಅವನು ಕಂಡಲ್ಲೆಲ್ಲ ಜನ 'ಶಿವಾ, ಶಿವಾ' ಎನ್ನತೊಡಗಿದರು. ದೀಪಾವಳಿಗೆ ಮುಂಚೆ ಸುಕುಮಾರನ್ ಜೀಪಿನಲ್ಲಿ ಎಲ್ಲ ಪ್ಲೇಟುಗಳನ್ನೂ ತಂದಿಳಿಸಿ ಹೋದ. ಹೀಗಾಗಿ ಮದುವೆ ಪ್ಲೇಟುಗಳೂ ನನ್ನ ಹತ್ತಿರವೇ, ಮನೆ ಪ್ಲೇಟುಗಳೂ ನನ್ನ ಹತ್ತಿರವೇ. ಅವನ ಹತ್ತಿರ ಮೆಷಿನ್ ಇದೆ. ಸಮಾಧಾನ ಆಯ್ತಾ ಎಂದು ಲೋಕೇಶರು ಕೇಳಿದರು. ಆ ಭಾನುವಾರ ಗೋಲಿ ಇಟ್ಟು ಮಟ್ಟ ನೋಡಿ, ವಚನದ ಮನೆ ಪ್ಲೇಟು ಹಾಕಿದೆ. ಆ ಜಾಗ ಬಂದಾಗ ಆಕೆ ಒಂದೇ ಸಲ 'ಶಿವಾ' ಎಂದು ಮುಂದೆ ಹೋದಳು. ಅಪ್ಪನ ಮಂಚ ಖಾಲಿಯಿತ್ತು. ಇಲ್ಲ, ಆಗಿಲ್ಲ ಎಂದೆ.

ಮೊನ್ನೆ ಫೋನಿನಲ್ಲಿ ಪ್ರಸನ್ನನ ದನಿ ತಗ್ಗಿತ್ತು. "ಅಕ್ಕ, ಅಪ್ಪ ಹಾಸಿಗೆ ಹಿಡಿದವ್ರೆ. ದೊಡ್ಡಪ್ಪ ಭಾನುವಾರ ಹಾಕ್ತಿದ್ರಲ್ಲ, ಆ ವಚನ ಕೇಳ್ಬೇಕು ಅಂತ ಒಂದೇ ಸಮ ಹಟ. ಮೊಬೈಲಲ್ಲಿ ಹಾಕಿದ್ರೆ ಇದಲ್ಲ ಅಂತಾರೆ. ಅದೊಂದ್ ಪ್ಲೇಟು ಕೊಡು, ಕೇಳಿಸಿ ಅವತ್ತೇ ವಾಪಸ್ ತಂದ್ಕೊಡ್ತೀನಿ."

"ಮನೆ ಪ್ಲೇಟು ಹೊಸಿಲು ದಾಟಲ್ಲ. ಚಿಕ್ಕಪ್ಪನ್ನ ಕರ್ಕೊಂಡ್ ಬಾ" ಎಂದೆ.

ನಿನ್ನೆ ಕರೆದುಕೊಂಡು ಬಂದ. ಮಳೆ ಜಡಿಯುತ್ತಿತ್ತು. ಚಿಕ್ಕಪ್ಪನನ್ನು ಎತ್ತಿಕೊಂಡು ಬಂದು ಅಪ್ಪನ ಮಂಚದ ಮೇಲೆ ಮಲಗಿಸಿ, ತಾನು ಜಗುಲಿಗೆ ಹೋಗಿ ನಿಂತ. ನಾನು ಕೈ ತೊಳೆದು ಪ್ಲೇಟು ಒರೆಸಿದೆ, ಗೋಲಿ ಇಟ್ಟು ನೋಡಿದೆ. ಮುಳ್ಳು ಇಳಿಸಿದೆ. ಉಸಿರಿನ ಸದ್ದು ಬರುತ್ತಲೇ ಚಿಕ್ಕಪ್ಪ, "ಹಾಂ, ಇದೇ" ಎಂದರು. ಅವರ ಕಣ್ಣಂಚಿನಿಂದ ನೀರಿಳಿಯಿತು.

ಪ್ರಸನ್ನ ಬಾಗಿಲಿಗೆ ಬಂದ. ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. "ಅಕ್ಕ, ನಾನೂ ಒಳಗ್ ಬರ್ಲಾ? ಮಾತಾಡಲ್ಲ, ಒಂದ್ ಮೂಲೇಲಿ ಕೂತ್ಕೋತೀನಿ."

"ಬೇಕಾದ್ರೆ ದೊಡ್ಡಪ್ಪನ್ನೇ ಕೇಳು" ಎಂದು ಗೋಡೆಯ ಮೇಲಿದ್ದ ಫೋಟೊ ಕಡೆ ಕೈ ತೋರಿಸಿ, ಬಾಗಿಲು ಹಾಕಿಕೊಂಡೆ.